ಜೂನ್‌ನಲ್ಲಿ ಬಾಗಿಲು ತೆರೆಯುವ ಶಾಲೆ

ಮೇ ತಿಂಗಳ ಕೊನೆಯ ವಾರ ಮಲ್ಪೆ ಬಂದರಿನಲ್ಲಿ ನೀರೇ ಕಾಣುವುದಿಲ್ಲ. ಕಡಲಿಗೆ ಹೋಗಿದ್ದ ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ಒಂದೊಂದಾಗಿ ಮರಳಿ, ಒಂದರ ಮಗ್ಗುಲಿಗೆ ಇನ್ನೊಂದು ಒತ್ತಿ ನಿಂತು, ದಕ್ಕೆಯಿಂದ ಆಚೆಗೆ ಮರದ್ದೂ ಕಬ್ಬಿಣದ್ದೂ ಫೈಬರಿನದ್ದೂ ಸೇರಿದ ನೆಲ ಹಾಸಿದ ಹಾಗೆ ಆಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಲೆ ಇಳಿಸುತ್ತಾರೆ, ಐಸ್ ತುಂಬುವ ಸ್ಟೋರ್ ತೊಳೆಯುತ್ತಾರೆ, ಹೊರರಾಜ್ಯದ ಕಲಾಸಿಗಳು ರೈಲು ಹತ್ತುತ್ತಾರೆ. ಹತ್ತು ತಿಂಗಳಿಂದ ಕಿವಿಗೆ ಅಂಟಿಕೊಂಡಿದ್ದ ಡೀಸೆಲ್ ಎಂಜಿನ್ನಿನ ಗುಡುಗುಡು ನಿಲ್ಲುತ್ತದೆ. ಆಮೇಲೆ ಬೇರೆ ಸದ್ದುಗಳು ಶುರು: ಸುತ್ತಿಗೆಯದು, ಚೈನ್ ಬ್ಲಾಕಿನದು, ಪಾನ (ಸ್ಪ್ಯಾನರ್) ಜಾರಿ ಕಬ್ಬಿಣಕ್ಕೆ ಬಡಿದದ್ದು, ಆ ಜಾರಿದ್ದಕ್ಕೆ ಮೇಸ್ತ್ರಿಯ ಬಾಯಿಂದ ಬಂದದ್ದು.

ಈ ಕಸುಬಿಗೆ ಹೊಸಬರು ಬರುವುದು ಬಹುಮಟ್ಟಿಗೆ ಈ ಎರಡು ತಿಂಗಳಲ್ಲೇ. ಕಾರವಾರ, ತದಡಿ, ಹೊನ್ನಾವರ, ಗಂಗೊಳ್ಳಿ, ಮಲ್ಪೆ, ಮಂಗಳೂರಿನ ಹಳೆ ಬಂದರು - ಎಲ್ಲಿ ಹೋದರೂ ಬಿಚ್ಚಿದ ಎಂಜಿನ್ನಿನ ಪಕ್ಕ ಸೀಮೆಎಣ್ಣೆಯ ಬಾಲ್ದಿ ಹಿಡಿದು ಕುಕ್ಕರುಗಾಲಲ್ಲಿ ಕೂತ ಹದಿನೇಳು-ಹದಿನೆಂಟರ ಹುಡುಗನೊಬ್ಬ ಇದ್ದೇ ಇರುತ್ತಾನೆ. ಅವನು ಮೆಕ್ಯಾನಿಕ್ ಆಗುವುದು ಹೇಗೆ? ಯಾರು ಕಲಿಸುತ್ತಾರೆ, ಏನನ್ನು ಕಲಿಸುತ್ತಾರೆ, ಏನನ್ನು ಕಲಿಸದೆ ಬಿಡುತ್ತಾರೆ? ಸರ್ಕಾರದ ಶಾಲೆಗಳು ಇವೆಯಲ್ಲ, ಅವುಗಳ ಪಾಲೆಷ್ಟು? ಕಸುಬು ಹಿಡಿದವನ ಹೊಟ್ಟೆ ತುಂಬುತ್ತದೆಯೇ? ನಮ್ಮಲ್ಲಿ ಮೀನಿನ ಬಗ್ಗೆ, ಬಲೆಯ ಬಗ್ಗೆ, ಮೀನುಗಾರರ ಬಗ್ಗೆ ಬರೆದವರಿದ್ದಾರೆ. ಬೋಟಿನ ಹೊಟ್ಟೆಯೊಳಗೆ ಇಳಿದು ಕೂರುವ ಈ ಮನುಷ್ಯನನ್ನು ಕುರಿತು ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.

ಈ ಕಸುಬಿಗೆ ವಯಸ್ಸು ಹೆಚ್ಚಿಲ್ಲ. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು ಕಡಲನ್ನು ತಲೆತಲಾಂತರದಿಂದ ಬಲ್ಲವರಾದರೂ ಎಂಜಿನ್ ಅವರ ಬದುಕಿಗೆ ಬಂದದ್ದು ಸ್ವಾತಂತ್ರ್ಯಾನಂತರ. 1952ರ ಒಪ್ಪಂದದಂತೆ ಮರುವರ್ಷ ಕೊಲ್ಲಂ ಬಳಿಯ ನೀಂಡಕರದಲ್ಲಿ ಶುರುವಾದ ಭಾರತ-ನಾರ್ವೆ ಯೋಜನೆ ಮೊದಲು ಊರ ದೋಣಿಗಳಿಗೇ ಎಂಜಿನ್ ಕೂರಿಸಲು ನೋಡಿತು. ಅದು ಕೈಗೂಡಲಿಲ್ಲ. ಎಂಜಿನ್ನಿಗೆಂದೇ ಬೇರೆ ಬೋಟು ಕಟ್ಟಬೇಕಾಯಿತು. 1963ರಲ್ಲಿ ಯೋಜನೆ ಕೇರಳದ ಹೊರಗೆ ಚಾಚಿದಾಗ ಕಾರವಾರವೂ ಅದರಲ್ಲಿ ಸೇರಿತು. ಎಪ್ಪತ್ತರ ದಶಕದ ನಡುವಿನಲ್ಲಿ ಮಂಗಳೂರಿಗೆ ಪರ್ಸೀನ್ ಬಂತು. ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಆ ಹಗ್ಗ ಬಿಟ್ಟ ಕೈಗಳಲ್ಲಿ ಕೆಲವು ಸ್ಟೀರಿಂಗ್ ಹಿಡಿದವು, ಕೆಲವು ಪಾನ ಹಿಡಿದವು.

ಆದರೆ ಪಾನ ಹಿಡಿಯುವುದನ್ನು ಅವರಿಗೆ ಹೇಳಿಕೊಟ್ಟವರು ಕಡಲಿನವರಲ್ಲ, ರಸ್ತೆಯವರು. ಕಾರಣ ಎಂಜಿನ್ನಿನಲ್ಲೇ ಇದೆ. ನಮ್ಮ ಬೋಟುಗಳಲ್ಲಿ ಬಹುಕಾಲ ಆಳಿದ್ದು ಅಶೋಕ್ ಲೇಲ್ಯಾಂಡ್. ಅದರ ಎಎಲ್‌ಎಂ 400 ಎಂಬುದು ಮೂಲತಃ ಲಾರಿಯ ಎಂಜಿನ್ನಿಗೆ ಕಡಲಿನ ಉಡುಪು ತೊಡಿಸಿದ್ದು. ಆ 400 ಬಂದದ್ದು ಅದರ ಗಾತ್ರವನ್ನು ಘನ ಇಂಚಿನಲ್ಲಿ ಎಣಿಸಿದ್ದರಿಂದ, ನಮ್ಮ ಲೆಕ್ಕದಲ್ಲಿ ಸುಮಾರು ಆರೂವರೆ ಲೀಟರ್. ಅದರ ಪಕ್ಕದಲ್ಲಿ ಕೂತ ಡೀಸೆಲ್ ಪಂಪು ಹೆಚ್ಚಾಗಿ ಮೈಕೋ, ಅಂದರೆ 1951ರಲ್ಲಿ ಶುರುವಾದ, ಬೆಂಗಳೂರಿನ ಆಡುಗೋಡಿಯ ಕಂಪನಿಯದು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ದಕ್ಕೆಯಲ್ಲಿ ಅದು ಇವತ್ತಿಗೂ ಮೈಕೋ ಪಂಪೇ. ಹೀಗಾಗಿ ಹೆದ್ದಾರಿ ಬದಿಯಲ್ಲಿ ಲಾರಿ ಬಿಚ್ಚುತ್ತಿದ್ದ ಮೇಸ್ತ್ರಿ ಸೀದಾ ಬಂದರಿಗೆ ಬಂದು ಕೆಲಸ ಶುರುಮಾಡಬಹುದಿತ್ತು. ಹಾಗೆ ಬಂದವರ ಶಿಷ್ಯರ ಶಿಷ್ಯರು ಈಗ ಮೇಸ್ತ್ರಿಗಳು.

ಇಲ್ಲಿಂದಲೇ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿದೆ: ಲಾರಿ ಎಂಜಿನ್ ಬಲ್ಲವನಿಗೆ ಬೋಟ್ ಎಂಜಿನ್ ಲೆಕ್ಕಕ್ಕಿಲ್ಲ ಎಂದು. ಲೋಹ ಒಂದೇ, ಬದುಕು ಬೇರೆ. ಲಾರಿ ಇಳಿಜಾರಿನಲ್ಲಿ ಉಸಿರು ಬಿಡುತ್ತದೆ, ಟೋಲ್ ಗೇಟಿನಲ್ಲಿ ನಿಲ್ಲುತ್ತದೆ, ಡ್ರೈವರ್ ಚಹಾ ಕುಡಿಯುವಾಗ ತಣಿಯುತ್ತದೆ. ಟ್ರಾಲ್ ಬಲೆ ಎಳೆಯುವ ಬೋಟಿಗೆ ಇಳಿಜಾರೆಂಬುದು ಇಲ್ಲ. ಗಂಟೆಗಟ್ಟಲೆ ಒಂದೇ ಭಾರ, ಒಂದೇ ವೇಗ, ಆಳಸಮುದ್ರಕ್ಕೆ ಹೋದರೆ ದಿನಗಟ್ಟಲೆ. ಲಾರಿಯ ರೇಡಿಯೇಟರಿಗೆ ಎದುರುಗಾಳಿಯಿದೆ. ಬೋಟಿನ ಎಂಜಿನ್ ಇರುವುದು ಗಾಳಿಯಾಡದ ಗೂಡಿನಲ್ಲಿ; ಅದನ್ನು ತಣಿಸಬೇಕಾದದ್ದು ಎಂಜಿನ್ನಿನ ದೊಡ್ಡ ಶತ್ರುವಾದ ಉಪ್ಪುನೀರೇ. ಒಳಗೆ ಸುತ್ತುವ ಸಿಹಿನೀರು, ಹೊರಗಿನಿಂದ ಎಳೆದುಕೊಂಡ ಕಡಲ ನೀರು, ಎರಡರ ನಡುವೆ ತೆಳು ಕೊಳವೆಗಳ ಒಂದು ಕಟ್ಟು. ಆ ಕೊಳವೆಯಲ್ಲೊಂದು ಸೂಜಿ ತೂತು ಬಿದ್ದರೂ ಸಾಕು, ಉಪ್ಪು ಒಳಗೆ ಹೊಕ್ಕು ಸದ್ದಿಲ್ಲದೆ ತಿನ್ನತೊಡಗುತ್ತದೆ. ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಮುಳುಗಿದರೆ ಒಂದು ಇನ್ನೊಂದನ್ನು ಸವೆಸುತ್ತದೆ. ಆ ಸವೆತವನ್ನು ತನ್ನ ಮೇಲೆ ಎಳೆದುಕೊಳ್ಳಲೆಂದೇ ಸತುವಿನ ತುಂಡೊಂದನ್ನು ಕೂರಿಸಿರುತ್ತಾರೆ. ಲಾರಿ ಗ್ಯಾರೇಜಿನಿಂದ ಬಂದ ಹೊಸಬನಿಗೆ ಅದು ಯಾಕಿದೆ ಎಂದೇ ಗೊತ್ತಿರುವುದಿಲ್ಲ. ಕರಗಿಹೋದದ್ದನ್ನು ಕಂಡು 'ಹಾಳಾಗಿದೆ, ಇನ್ನು ಬೇಡ' ಎಂದು ಬಿಟ್ಟರೂ ಬಿಟ್ಟಾನು. ಅದು ಹಾಳಾಗುವುದೇ ಅದರ ಕೆಲಸ.

ಇನ್ನು ಶಾಫ್ಟು. ಎಂಜಿನ್, ಗೇರ್ ಬಾಕ್ಸ್, ನೀರನ್ನು ತಳ್ಳುವ ಹಿಂದಿನ ಫ್ಯಾನಿನವರೆಗೆ ಹೋಗುವ ಶಾಫ್ಟು - ಎಲ್ಲವೂ ಒಂದೇ ಗೆರೆಯಲ್ಲಿರಬೇಕು. ದಡದ ಮೇಲೆ ಎಳೆದಿಟ್ಟಾಗ ಸರಿಯಾಗಿ ಜೋಡಿಸಿದ ಗೆರೆ ಬೋಟು ನೀರಿಗೆ ಬಿದ್ದ ಮೇಲೆ ತಪ್ಪುವುದುಂಟು, ಅದರಲ್ಲೂ ಮರದ ಬೋಟಿನಲ್ಲಿ. ನೀರಿನ ಮೇಲೆ ಕೂತಾಗ ಅದರ ಮೈ ಕೊಂಚ ಬದಲಾಗುತ್ತದೆ. ಆದ್ದರಿಂದ ತೇಲುವ ಬೋಟಿನಲ್ಲಿ ಕೂತು, ಎರಡು ಕಪ್ಲಿಂಗ್ ತಟ್ಟೆಗಳ ನಡುವೆ ಫೀಲರ್ ಗೇಜ್ ತೂರಿಸಿ, ಮೇಲೆ ಕೆಳಗೆ ಎಡ ಬಲ ನಾಲ್ಕೂ ಕಡೆ ಮತ್ತೆ ಅಳೆಯಬೇಕು. ಅವಸರದಲ್ಲಿ ಇದನ್ನು ಬಿಟ್ಟ ಬೋಟು ಸೆಪ್ಟೆಂಬರ್ ಹೊತ್ತಿಗೆ ನಡುಗಲು ಶುರುಮಾಡುತ್ತದೆ. ಗ್ಲ್ಯಾಂಡಿನಲ್ಲಿ ನೀರು ಸೋರುತ್ತದೆ, ಗೇರ್ ಬಾಕ್ಸ್ ಬೇರಿಂಗ್ ಹೋಗುತ್ತದೆ. ಬೈಗುಳ ಮಾತ್ರ ಎಂಜಿನ್ನಿಗೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕೆಟ್ಟು ನಿಲ್ಲುವ ಜಾಗದ್ದು. ಲಾರಿ ರಸ್ತೆಬದಿಯಲ್ಲಿ ನಿಲ್ಲುತ್ತದೆ. ಬೋಟು ನಿಲ್ಲುವುದಿಲ್ಲ, ತೇಲಿಹೋಗುತ್ತದೆ. ಮತ್ತೆ ಅದು ಕೈಕೊಡುವುದು ಹೆಚ್ಚಾಗಿ ಕೈಕೊಡಬಾರದ ಜಾಗದಲ್ಲೇ, ಅಳಿವೆ ಬಾಗಿಲಲ್ಲಿ. ಇದನ್ನು ವಿಧಿ ಎಂದುಕೊಂಡವರೇ ಹೆಚ್ಚು. ಆದರೆ ಕಾರಣ ಸರಳ. ಹತ್ತು ದಿನ ಕಡಲಲ್ಲಿದ್ದು ಬರುವ ಬೋಟಿನ ಟ್ಯಾಂಕಿನಲ್ಲಿ ಡೀಸೆಲ್ ತಳ ಕಂಡಿರುತ್ತದೆ. ತಳದಲ್ಲಿ ವರ್ಷಗಟ್ಟಲೆ ಕೂತ ರಾಡಿ ಮತ್ತು ನೀರು. ಹೊರಗಡಲಿನ ಉದ್ದ ಅಲೆಯಲ್ಲಿ ಅದು ಅಲುಗದೆ ಇರುತ್ತದೆ. ನದಿ-ಕಡಲು ಸೇರುವಲ್ಲಿ, ಮರಳದಿಬ್ಬದ ಮೇಲೆ ಅಲೆ ಒಡೆಯುವಲ್ಲಿ, ಬೋಟು ಕುಲುಕಿದ ಕೂಡಲೇ ಆ ರಾಡಿ ಎದ್ದು ಫಿಲ್ಟರಿಗೆ ಬಂದು ಕೂರುತ್ತದೆ, ಇಲ್ಲವೇ ಪೈಪು ಡೀಸೆಲ್ ಬದಲು ಗಾಳಿ ಎಳೆಯುತ್ತದೆ. ಎಂಜಿನ್ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಗಂಗೊಳ್ಳಿಯಲ್ಲಾಗಲಿ ಉಳ್ಳಾಲದ ಕಡೆಯಾಗಲಿ ಅಳಿವೆಯಲ್ಲಿ ನಿಂತ ಎಂಜಿನ್ ಎಂದರೆ ಏನೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟ್ಯಾಂಕಿನ ತಳ ತೊಳೆಯುವುದು ಹುಡುಗರಿಗೆ ಕೊಡುವ ಹೊಲಸು ಕೆಲಸ. ಅದರ ಬೆಲೆ ಏನೆಂದು ಆ ಹುಡುಗರಿಗೆ ಯಾರೂ ಹೇಳುವುದಿಲ್ಲ, ಅದೇ ನನ್ನ ತಕರಾರು.

ದಕ್ಕೆಯ ಶಾಲೆಗೆ ಪಠ್ಯ ಇಲ್ಲವೆಂದರೂ ಕ್ರಮ ಇದೆ. ಮೊದಲ ಮಳೆಗಾಲ ಪೂರ್ತಿ ತೊಳೆಯುವುದು, ತರುವುದು, ಹಿಡಿಯುವುದು. 'ಹದಿನಾರು-ಹದಿನೇಳು ಕೊಡು' ಎಂದಾಗ ತಲೆ ಎತ್ತದೆ ಸರಿಯಾದ ಪಾನ ಕೊಡಲು ಬಂದರೆ ಒಂದನೇ ಕ್ಲಾಸು ಪಾಸು. ಹಳೆಯ ಬ್ರಿಟಿಷ್ ವಿನ್ಯಾಸದ ಎಂಜಿನ್ನುಗಳಲ್ಲಿ ಇಂಚಿನ ಬೋಲ್ಟುಗಳೂ ಇರುವುದರಿಂದ ಮಿಲಿಮೀಟರ್ ಪಾನ ಹಾಕಿ ಮೂಲೆ ಸವೆಸಿ ಬೈಸಿಕೊಳ್ಳುವುದು ಎಲ್ಲರ ಮೊದಲ ಪಾಠ. ಆಮೇಲೆ ಬಿಚ್ಚಿದ್ದನ್ನು ಸಾಲಾಗಿ ಇಡುವುದು. ಯಾವ ಬೇರಿಂಗ್ ಕ್ಯಾಪ್ ಯಾವ ಜಾಗದ್ದು, ಯಾವ ಪಿಸ್ಟನ್ ಯಾವ ಲೈನರಿನದು ಎಂದು ಪಂಚ್ ಗುರುತು ನೋಡಿ ಇಡಬೇಕು. ಅದಲು ಬದಲಾದರೆ ಕತೆ ಮುಗಿಯಿತು. ಎರಡನೇ ಮಳೆಗಾಲಕ್ಕೆ ವಾಲ್ವ್ ಗ್ರೈಂಡಿಂಗ್. ಪೇಸ್ಟ್ ಹಚ್ಚಿ ಕೈಯಲ್ಲೇ ತಿರುಗಿಸಿ ತಿರುಗಿಸಿ ಕೂರಿಸುವ ಕೆಲಸ. ಕೂತಿದೆಯೋ ಇಲ್ಲವೋ ಎಂದು ತಿಳಿಯಲು ವಾಲ್ವಿನ ದಾರಿಯೊಳಗೆ ಸೀಮೆಎಣ್ಣೆ ಹೊಯ್ದು ನೋಡುತ್ತಾರೆ. ಒಂದು ಹನಿ ಜಿನುಗಿದರೂ ಮತ್ತೆ ಮೊದಲಿನಿಂದ. ಮನುಷ್ಯನ ತಾಳ್ಮೆ ಅಳೆಯಲು ಇದಕ್ಕಿಂತ ಒಳ್ಳೆಯ ಉಪಕರಣವನ್ನು ಯಾವ ಕಾಲೇಜೂ ಕಂಡುಹಿಡಿದಿಲ್ಲ. ಆಮೇಲೆ ಟ್ಯಾಪೆಟ್, ರಿಂಗು, ಬೇರಿಂಗು. ಕೊನೆಗೆ ಟೈಮಿಂಗ್. ಡೀಸೆಲ್ ಪಂಪನ್ನು ಮಾತ್ರ ಮೇಸ್ತ್ರಿಯೂ ಬಿಚ್ಚುವುದಿಲ್ಲ, ಅದು ಕ್ಯಾಲಿಬ್ರೇಷನ್ ಅಂಗಡಿಗೆ ಹೋಗುತ್ತದೆ. ಕ್ರ್ಯಾಂಕ್ ಶಾಫ್ಟ್ ಗ್ರೈಂಡಿಂಗಿಗೆ ಹೋಗುತ್ತದೆ, ಶಾಫ್ಟು ಲೇತಿಗೆ. ಮೆಕ್ಯಾನಿಕ್ ಎಂದರೆ ಎಲ್ಲವನ್ನೂ ತಾನೇ ಮಾಡುವವನಲ್ಲ. ಯಾವುದನ್ನು ಯಾರ ಹತ್ತಿರ ಕಳಿಸಬೇಕೆಂದು ಬಲ್ಲವನು. ಇದು ಹುಡುಗನಿಗೆ ಅರ್ಥವಾಗಲು ಮೂರು ವರ್ಷವಾದರೂ ಬೇಕು.

ಗಂಗೊಳ್ಳಿಯಲ್ಲಿ ಹಿರಿಯರೊಬ್ಬರು, ನನ್ನ ಬೆಪ್ಪು ಪ್ರಶ್ನೆಗಳಿಂದ ಬೇಸತ್ತು, 'ಬಿಚ್ಚುಕೆ ಎಲ್ಲರಿಗೂ ಬತ್ತ್. ಕೂಡ್ಸುಕೆ ಬರ್ಕ್ ಅಲ್ದಾ' ಎಂದಿದ್ದರು. ಬಿಚ್ಚಿ ಕೂಡಿಸುವ ಈ ಪೂರ್ತಿ ಸುತ್ತು ನೋಡಲು ಸಿಗುವುದು ಜೂನ್-ಜುಲೈಯಲ್ಲಿ ಮಾತ್ರ. ಉಳಿದ ಹತ್ತು ತಿಂಗಳು ತುರ್ತು ಕೆಲಸ: ರಾತ್ರಿ ಬಂದ ಬೋಟು ಬೆಳಗಿನ ಜಾವ ಹೊರಡಬೇಕು, ಆಗ ಮೇಸ್ತ್ರಿಗೆ ಕಲಿಸುವ ವ್ಯವಧಾನವಿರುವುದಿಲ್ಲ, ಹುಡುಗನ ಕೈಗೆ ಪಾನ ಕೊಡುವ ಧೈರ್ಯವೂ ಇರುವುದಿಲ್ಲ. ಆಗ ಕಲಿಯುವುದು ಬೇರೆ ವಿದ್ಯೆ, ಕೇಳುವುದು ಮತ್ತು ನೋಡುವುದು. ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಯಾವ ಸಿಲಿಂಡರ್ ಬಡಿಯುತ್ತಿದೆ ಎಂದು ತಿಳಿಯುತ್ತದೆ. ಹೊಗೆ ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ, ಇಲ್ಲವೇ ತಾಳಲಾರದ ಭಾರ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿಯಾಗಿದ್ದರೆ ನೀರು ಒಳಹೊಕ್ಕಿರಬಹುದು, ಅಥವಾ ಡೀಸೆಲ್ ಉರಿಯದೆ ಹೊರಬರುತ್ತಿರಬಹುದು. ಆ 'ಅಥವಾ'ದಲ್ಲಿ ಅನುಭವದ ಬೆಲೆಯೆಲ್ಲ ಅಡಗಿದೆ.

ಸಂಬಳದ ಮಾತು. ಮೊದಲ ವರ್ಷ ಊಟ, ಚಹಾ, ಬಸ್ ಚಾರ್ಜು, ಶನಿವಾರ ಕೈಗೆ ಒಂದಿಷ್ಟು. ಶಿಷ್ಯನಾಗಿ ಸೇರಲು ಅರ್ಜಿ ನಮೂನೆ ಇಲ್ಲ, ಮಾವನೋ ನೆರೆಮನೆಯವನೋ ಹೇಳಿರಬೇಕು. ಇದು ಬೋಟಿನ ಕುಟುಂಬಗಳ ಹುಡುಗರಿಗೆ ಅನುಕೂಲ, ಹೊರಗಿನವನಿಗೆ ಗೋಡೆ. ಹುಡುಗಿಯರಂತೂ ಈ ಬಾಗಿಲ ಹತ್ತಿರವೂ ಕಾಣುವುದಿಲ್ಲ. ಮೀನು ವ್ಯಾಪಾರದಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದಾಗಿರುವ ಬಂದರಿನಲ್ಲೇ ಎಂಜಿನ್ ಕೋಣೆ ಮಾತ್ರ ಹೀಗೆ.

ಈಗ ಇನ್ನೊಂದು ಶಾಲೆ, ಬೋರ್ಡು ಇರುವಂಥದು. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಎಂಬ ಒಂದು ವರ್ಷದ ತರಬೇತಿ ಇದೆ. ಅದು ಹುಡುಗನಿಗೆ ದಕ್ಕೆ ಕೊಡದ ಮೂರನ್ನು ಕೊಡುತ್ತದೆ: ಮೈಕ್ರೋಮೀಟರ್ ಹಿಡಿಯಲು, ನಕ್ಷೆ ಓದಲು, ಯಾಕೆ ಎಂದು ಕೇಳಲು. ಕೊಡದಿರುವುದು ಉಪ್ಪುನೀರು. ಅಲ್ಲಿನ ಎಂಜಿನ್ ಒಣ ನೆಲದ ಮೇಲೆ, ಸ್ಟ್ಯಾಂಡಿನ ಮೇಲೆ, ಬೆಳಕಿನಲ್ಲಿ ನಿಂತಿರುತ್ತದೆ. ಬೋಟಿನ ಎಂಜಿನ್ನಿನ ಹಿಂದಿನ ಬೋಲ್ಟಿಗೆ ಕೈ ಹಾಕಬೇಕಾದರೆ ಹೊಟ್ಟೆಯ ಮೇಲೆ ಮಲಗಿ, ಕಣ್ಣಿಗೆ ಕಾಣದ್ದನ್ನು ಬೆರಳಲ್ಲಿ ಎಣಿಸಬೇಕು. ಇನ್ನೂ ಒಂದು ಎಡವಟ್ಟಿದೆ. ಐಟಿಐ ವರ್ಷ ಶುರುವಾಗುವುದು ಆಗಸ್ಟ್‌ನಲ್ಲಿ. ಹಾಗಾಗಿ ದಕ್ಕೆಯಲ್ಲಿ ಎಂಜಿನ್ನುಗಳೆಲ್ಲ ಬಿಚ್ಚಿ ಬಿದ್ದಿರುವ ಜೂನ್-ಜುಲೈಯಲ್ಲಿ ಆ ಹುಡುಗರು ಪರೀಕ್ಷೆಗೆ ಓದುತ್ತಿರುತ್ತಾರೆ. ಅವರು ಹೊರಬರುವ ಹೊತ್ತಿಗೆ ಬೋಟುಗಳು ಕಡಲಿಗೆ ಹೋಗಿರುತ್ತವೆ. ಕರಾವಳಿಯ ಮೂರು ಜಿಲ್ಲೆಗಳ ಮಟ್ಟಿಗಾದರೂ ಈ ವೇಳಾಪಟ್ಟಿಯನ್ನು ಎರಡು ತಿಂಗಳು ಅತ್ತಿತ್ತ ಮಾಡಿ, ಆ ಅವಧಿಯನ್ನು ಬಂದರಿನಲ್ಲಿ ಕಳೆಯುವ ಏರ್ಪಾಡು ಮಾಡಿದರೆ ಖರ್ಚೇನೂ ಇಲ್ಲ. ಕೆಲಸದ ಜಾಗದಲ್ಲೇ ಕಲಿಸಲು ಕಾನೂನೇನೋ ಇದೆ: ಶಿಶಿಕ್ಷು (ಅಪ್ರೆಂಟಿಸ್) ಕಾಯ್ದೆ ಬಂದದ್ದು 1961ರಲ್ಲಿ. ಅದು ದೊಡ್ಡ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾಯ್ದೆ. ತಗಡಿನ ಮಾಡಿನ ಕೆಳಗಿನ ಬೋಟ್ ಗ್ಯಾರೇಜಿಗೆ ಅದರ ಪರಿಚಯವಿಲ್ಲ.

ಕಡಲಿಗೇ ಮೀಸಲಾದ ಶಾಲೆ ಬೇಕೆಂದರೆ ರಾಜ್ಯದಾಚೆ ಹೋಗಬೇಕು. 1963ರಲ್ಲಿ ಕೊಚ್ಚಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಿಫ್‌ನೆಟ್ ಸಂಸ್ಥೆ ಅಲ್ಲಿಯೂ ಚೆನ್ನೈ, ವಿಶಾಖಪಟ್ಟಣಗಳಲ್ಲಿಯೂ ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಮೆರೈನ್ ಫಿಟ್ಟರ್ ಎಂಬ ಎರಡು ವರ್ಷದ ತರಬೇತಿ ಕೊಡುತ್ತದೆ. ಹಡಗಿನ ಮೇಲೆ ಕೆಲಸ ಮಾಡಿದ ಅನುಭವ ಸೇರಿದರೆ ಮುಂದೆ ಮೀನುಗಾರಿಕೆ ಹಡಗಿನ ಎಂಜಿನ್ ಡ್ರೈವರ್ ಪರೀಕ್ಷೆಗೆ ಕೂರಬಹುದು. ಇರುವ ದಾರಿಗಳಲ್ಲಿ ಇದೇ ಅತ್ಯಂತ ಗಟ್ಟಿಯಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಲ್ಲಿ ಕಲಿತವನು ಮಲ್ಪೆಗೆ ಮರಳಿ ಬಂದು ಗ್ಯಾರೇಜು ತೆರೆಯುವುದು ಅಪರೂಪ. ಪ್ರಮಾಣಪತ್ರ ಅವನನ್ನು ದೊಡ್ಡ ಹಡಗಿನ ಕಡೆಗೆ, ಗಲ್ಫಿನ ವರ್ಕ್‌ಶಾಪಿನ ಕಡೆಗೆ ಎಳೆಯುತ್ತದೆ. ಅದು ಅವನ ತಪ್ಪಲ್ಲ. 1969ರಲ್ಲಿ ಮಂಗಳೂರಿನಲ್ಲಿ ಶುರುವಾದ, ದೇಶದಲ್ಲೇ ಮೊದಲನೆಯದಾದ ಮೀನುಗಾರಿಕಾ ಕಾಲೇಜನ್ನು ಕೆಲವರು ಈ ಚರ್ಚೆಯಲ್ಲಿ ತರುತ್ತಾರೆ. ಅದು ಮೀನಿನ ವಿಜ್ಞಾನದ ಪದವಿ, ಈ ಹುಡುಗನಿಗೆ ಸಂಬಂಧಿಸಿದ್ದಲ್ಲ. ಇನ್ನು ಎಂಜಿನ್ ಆಸೆ ಇರುವ ಹುಡುಗರಿಂದ, ಹಡಗಿನ ಕೆಳಹಂತದ ಕೆಲಸಗಳಿಗೆ ತಯಾರು ಮಾಡುವ ಆರು ತಿಂಗಳ ಜಿ.ಪಿ. ರೇಟಿಂಗ್ ತರಬೇತಿಯ ಹೆಸರಿನಲ್ಲಿ, ಹಡಗಿನ ಕೆಲಸ ಖಚಿತ ಎಂದು ಲಕ್ಷಗಟ್ಟಲೆ ಕಟ್ಟಿಸಿಕೊಳ್ಳುವ ಏಜೆಂಟರು ಕರಾವಳಿಯ ಪೇಟೆಗಳಲ್ಲಿ ಸುಳಿದಾಡುತ್ತಾರೆ. ತರಬೇತಿ ಸುಳ್ಳಲ್ಲ, ಖಚಿತ ಎಂಬ ಮಾತು ಸುಳ್ಳು.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿ.ಎಂ. ವಿಶ್ವಕರ್ಮ ಯೋಜನೆ ಶುರುಮಾಡಿತು. ಹದಿನೆಂಟು ಕಸುಬುಗಳಿಗೆ ಗುರುತು, ತರಬೇತಿ, ಸಲಕರಣೆ, ಸಾಲ. ಆ ಪಟ್ಟಿಯಲ್ಲಿ ದೋಣಿ ಕಟ್ಟುವವನಿದ್ದಾನೆ. ಮೀನಿನ ಬಲೆ ಹೆಣೆಯುವವನಿದ್ದಾನೆ. ಇವರಿಬ್ಬರ ನಡುವೆ ಕೂತು, ದೋಣಿಯನ್ನು ಓಡಿಸಿ ಬಲೆಯನ್ನು ಎಳೆಸುವ ಎಂಜಿನ್ನಿನ ಮೇಸ್ತ್ರಿ ಇಲ್ಲ. ಅದು ಪಾರಂಪರಿಕ ಕಸುಬುಗಳ ಪಟ್ಟಿ, ಡೀಸೆಲ್ ಪಾರಂಪರಿಕವಲ್ಲ ಎಂಬುದು ಸರಿಯೇ. ಆದರೆ ಅಜ್ಜ-ಅಪ್ಪ-ಮಗ ಎಂದು ಮೂರನೇ ತಲೆಗೆ ಬಂದ ಕಸುಬು ಇನ್ನೆಷ್ಟು ತಲೆ ದಾಟಿದರೆ ಪರಂಪರೆಯಾದೀತು?

ಹಣವಿಲ್ಲದ, ಮಾವನಿಲ್ಲದ ಹುಡುಗನಿಗೆ ಒಂದು ಚಿಕ್ಕ ಬಾಗಿಲಿದೆ: ನಾಡದೋಣಿಯ ಔಟ್‌ಬೋರ್ಡ್ ಮೋಟರ್. ಯಮಹಾ, ಸುಜುಕಿಯಂಥ ಎಂಟು-ಹತ್ತು ಎಚ್‌ಪಿಯ ಈ ಎಂಜಿನ್ನನ್ನು ಒಬ್ಬಿಬ್ಬರು ಹೆಗಲ ಮೇಲೆ ಹೊತ್ತು ತರಬಹುದು. ಚೈನ್ ಬ್ಲಾಕು ಬೇಡ, ಗ್ಯಾರೇಜು ಬೇಡ, ತೆಂಗಿನ ಮರದ ಕೆಳಗೆ ಒಂದು ಸ್ಟ್ಯಾಂಡು, ಒಂದು ಡ್ರಮ್ಮು ಸಿಹಿನೀರು, ಒಂದು ಟೂಲ್ ಬಾಕ್ಸು ಸಾಕು. ಇದರ ಋತುವೂ ತಲೆಕೆಳಗು. 10 ಎಚ್‌ಪಿವರೆಗಿನ ಮೋಟರಿರುವ ನಾಡದೋಣಿಗಳಿಗೆ ಮಳೆಗಾಲದ ನಿಷೇಧ ಅನ್ವಯಿಸುವುದಿಲ್ಲ. ಕಡಲಿನಲ್ಲಿ ತೂಫಾನು ಎದ್ದು ಇಳಿದ ಮೇಲೆ ಅವು ಇಳಿಯುತ್ತವೆ. ದೊಡ್ಡ ಬೋಟಿನ ಮೇಸ್ತ್ರಿ ದಡದಲ್ಲಿ ಬಿಚ್ಚಿ ಕೂತಿರುವಾಗ ಇವನಿಗೆ ಕೆಟ್ಟು ಬಂದ ಎಂಜಿನ್ನುಗಳ ಸಾಲು.

ಈ ಎಂಜಿನ್ನುಗಳ ಹೆಚ್ಚಿನ ರೋಗ ಸೀಮೆಎಣ್ಣೆಯಿಂದ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರಬೇಕು. ಕೊನೆಯ ಹೆಜ್ಜೆಯನ್ನು ದಡ ಕಂಡ ಸಂಭ್ರಮದಲ್ಲಿ ಮರೆತರೆ ಪ್ಲಗ್ಗಿಗೆ ಮಸಿ, ಮರುದಿನ ಹಗ್ಗ ಎಳೆದದ್ದೇ ಬಂತು. ಸಬ್ಸಿಡಿ ಸೀಮೆಎಣ್ಣೆ ಸಿಗುವುದು ಕಷ್ಟವಾದಂತೆ ದೋಣಿಗಳು ನಿಧಾನಕ್ಕೆ ಪೆಟ್ರೋಲಿನ ಕಡೆ ವಾಲುತ್ತಿವೆ. ಜೊತೆಗೆ ಫೋರ್ ಸ್ಟ್ರೋಕ್ ಎಂಜಿನ್ನುಗಳೂ ಬರುತ್ತಿವೆ. ಬೈಕ್ ಗ್ಯಾರೇಜಿನಲ್ಲಿ ಕಲಿತ ಹುಡುಗ ಇದನ್ನು ಬೇಗ ಹಿಡಿಯುತ್ತಾನೆ. ಆದರೆ ಅವನ ನಿಜವಾದ ಪರೀಕ್ಷೆ ಮುಳುಗಿದ ಎಂಜಿನ್ನು. ಅಲೆಗೆ ದೋಣಿ ಮಗುಚಿ, ಜನ ಈಜಿ ದಡ ಸೇರಿ, ಎಂಜಿನ್ನನ್ನು ಹಗ್ಗ ಹಾಕಿ ಎಳೆದು ತಂದಿರುತ್ತಾರೆ. ನೀರೊಳಗೆ ಇದ್ದಷ್ಟು ಹೊತ್ತು ತುಕ್ಕು ನಿಧಾನ, ಗಾಳಿ ತಾಗಿದ ಕ್ಷಣದಿಂದ ಓಟ. ಕೂಡಲೇ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ಬಿಚ್ಚಿ, ಫ್ಲೈವೀಲ್ ತಿರುಗಿಸಿ ನೀರು ಬಸಿದು, ಕಾರ್ಬುರೇಟರ್ ಕಳಚಿ, ಒಳಗೆಲ್ಲ ಎಣ್ಣೆ ಸೋಕಿಸಿ, ಆ ದಿನವೇ ಒಮ್ಮೆ ಓಡಿಸಬೇಕು. 'ನಾಳೆ ನೋಡುವಾ' ಎಂದರೆ ಬೇರಿಂಗ್ ಹೋಯಿತು. ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದರೆ ಎದ್ದು ಬರುತ್ತಾನೆ ಎಂಬ ಹೆಸರು ಬಂದ ಹುಡುಗನಿಗೆ ಬೇರೆ ಬೋರ್ಡು ಬೇಕಾಗುವುದಿಲ್ಲ.

ದಕ್ಕೆಯ ಶಾಲೆಯನ್ನು ಇಷ್ಟು ಹೊಗಳಿದವನು ಅದರ ಕೊರತೆಯನ್ನೂ ಹೇಳಬೇಕು. ಅಲ್ಲಿ ಅಳತೆ ಇಲ್ಲ, ಬರವಣಿಗೆ ಇಲ್ಲ. ಹೆಡ್ ಬೋಲ್ಟನ್ನು ನಡುವಿನಿಂದ ಹೊರಗೆ ಸುತ್ತು ಸುತ್ತಾಗಿ ಬಿಗಿಯಬೇಕೆಂದು ಎಲ್ಲರಿಗೂ ಗೊತ್ತು. ಎಷ್ಟು ಬಿಗಿ ಎಂದರೆ ತೋಳು ತೋರಿಸುತ್ತಾರೆ. ಮೇಸ್ತ್ರಿಯ ತೋಳು ಇಪ್ಪತ್ತು ವರ್ಷದ ಅನುಭವದ್ದು, ಹುಡುಗನ ತೋಳು ಹಾಗಲ್ಲವಲ್ಲ; ಟಾರ್ಕ್ ವ್ರೆಂಚ್ ಇರುವುದು ಅದಕ್ಕೇ. ಪಿಸ್ಟನ್ ತಲೆಗೂ ಹೆಡ್ಡಿಗೂ ನಡುವಿನ ಸಂದನ್ನು ಸೀಸದ ತಂತಿ ಇಟ್ಟು ಜಜ್ಜಿಸಿ ತೆಗೆದು ಅಳೆಯುವ ಹಳೆಯ ಉಪಾಯವನ್ನು ಬಲ್ಲವರಿದ್ದಾರೆ, ಮಾಡುವವರು ಕಡಿಮೆ. ಯಾವ ಬೋಟಿಗೆ ಯಾವ ವರ್ಷ ಯಾವ ಸೈಜಿನ ಬೇರಿಂಗ್ ಹಾಕಿತ್ತು ಎಂಬುದು ಮೇಸ್ತ್ರಿಯ ತಲೆಯಲ್ಲಿ. ಅವರು ಹೋದರೆ ಅದೂ ಹೋಯಿತು.

ಲೆಕ್ಕ ಬಾರದ್ದರ ನಷ್ಟ ಬೋಟಿನ ಮಾಲೀಕನಿಗೆ ತಟ್ಟುವುದು ಡೀಸೆಲಿನಲ್ಲಿ. ನೂರು ಎಚ್‌ಪಿ ಎಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ ಸುಮಾರು 20 ಲೀಟರ್ ಕುಡಿಯುತ್ತದೆ, ಅದು ಅದರ ಧರ್ಮ. ಫ್ಯಾನು ಬೇಡುವ ಶಕ್ತಿ ತಿರುಗುವ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಅಂದರೆ ಆರ್‌ಪಿಎಂ ಹತ್ತು ಶೇಕಡಾ ಇಳಿಸಿದರೆ ಬೇಕಾಗುವ ಶಕ್ತಿ ಕಾಲುಭಾಗಕ್ಕೂ ಹೆಚ್ಚು ಇಳಿಯುತ್ತದೆ. ದಡಕ್ಕೆ ಮರಳುವಾಗ ಸ್ವಲ್ಪ ನಿಧಾನಿಸಿದರೆ ಉಳಿಯುವುದೆಷ್ಟು ಎಂದು ಕಾಗದದ ಮೇಲೆ ತೋರಿಸಬಲ್ಲ ಮೆಕ್ಯಾನಿಕ್‌ನ ಮಾತನ್ನು ಯಾವ ಮಾಲೀಕನೂ ಕಡೆಗಣಿಸಲಾರ. ಬದಲಿಗೆ ನಡೆಯುವುದೇನು? 'ಬೋಟು ಓಡುವುದಿಲ್ಲ' ಎಂದು ಪಂಪಿನ ಸೀಲು ಒಡೆದು ಡೀಸೆಲ್ ಹೆಚ್ಚಿಸುತ್ತಾರೆ. ಕಪ್ಪು ಹೊಗೆ ಬಂದಷ್ಟೂ ಎಂಜಿನ್ನಿಗೆ ಬಲ ಬಂತೆಂದು ತಿಳಿಯುತ್ತಾರೆ.

ಕಲಿಸದ ಇನ್ನೊಂದು, ಮೈ ಉಳಿಸಿಕೊಳ್ಳುವುದು. ನಾಝಲ್ ಪರೀಕ್ಷಿಸುವಾಗ ಮಂಜಿನ ಹಾಗೆ ಚಿಮ್ಮುವ ಡೀಸೆಲ್ಲಿಗೆ ಚರ್ಮ ತೂರಿ ಒಳಹೋಗುವಷ್ಟು ಒತ್ತಡವಿದೆ. ಹೊರಗೆ ಸೂಜಿಮೊನೆಯಷ್ಟು ಕಂಡರೂ ಒಳಗೆ ಬೆರಳೇ ಕೊಳೆಯಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು. ತಿರುಗುವ ಶಾಫ್ಟಿನ ಪಕ್ಕ ಲುಂಗಿ ಉಟ್ಟು ಕೂರುವವರನ್ನು ಇವತ್ತೂ ಕಾಣಬಹುದು. ನಲವತ್ತು ದಾಟಿದ ಮೇಸ್ತ್ರಿಗಳ ಜೊತೆ ಮಾತಾಡುವಾಗ ನಾವು ದನಿ ಏರಿಸಬೇಕಾಗುತ್ತದೆ. ಕಿವಿಯಿಂದಲೇ ರೋಗ ಹಿಡಿಯುವ ಕಸುಬಿನಲ್ಲಿ ಮೊದಲು ಸವೆಯುವ ಬಿಡಿಭಾಗ ಕಿವಿಯೇ.

ಹೊಟ್ಟೆಪಾಡಿನ ಮಟ್ಟಿಗೆ ಹೇಳುವುದಾದರೆ, ಪಳಗಿದವನಿಗೆ ಕೆಲಸದ ಬರ ಇಲ್ಲ, ಹಣದ ಹೊಂದಾಣಿಕೆ ಮಾತ್ರ ಕಷ್ಟ. ದುಡಿಮೆ ಜೂನ್-ಜುಲೈಯಲ್ಲಿ, ಅಂದರೆ ಮಾಲೀಕನ ಕೈ ಖಾಲಿ ಇರುವಾಗ. ಬಾಕಿ ಬರುವುದು ಮೀನು ಬಂದ ಮೇಲೆ. ಮೀನು ಬಾರದಿದ್ದರೆ ಬಾಕಿ ಮುಂದಿನ ಸೀಸನ್ನಿಗೆ. ಹೀಗಾಗಿ ಕೂಲಿಗಿಂತ ಬಿಡಿಭಾಗದ ಅಂಗಡಿಯವನು ಕೊಡುವ ಕಮಿಷನ್ನೇ ಕೆಲವರ ನಿಜ ಆದಾಯ. ಅಲ್ಲಿಂದಲೇ ಬೇಡದ ಬಿಡಿಭಾಗ ಬದಲಿಸುವ ಚಟವೂ ಹತ್ತುತ್ತದೆ. ಸ್ವಂತ ಗ್ಯಾರೇಜಿನ ಕನಸಿರುವ ಹುಡುಗ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮುಂದೇನು ಎಂಬುದಕ್ಕೆ ಸೂಚನೆಗಳು ಈಗಾಗಲೇ ದಕ್ಕೆಯಲ್ಲಿವೆ. ಚೀನಾದ ಹೆಚ್ಚು ಎಚ್‌ಪಿಯ ಎಂಜಿನ್ನುಗಳು ಬಂದಿವೆ. ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಎಂಜಿನ್ನುಗಳು ಲಾರಿಯಲ್ಲಿ ಮಾಮೂಲಾಗಿವೆ. ಲಾರಿಗೆ ಬಂದದ್ದು ಸ್ವಲ್ಪ ತಡವಾಗಿ ಬೋಟಿಗೂ ಬರುತ್ತದೆ ಎಂಬುದು ಇಲ್ಲಿನ ಚರಿತ್ರೆ. ಅವಕ್ಕೆ ಸ್ಕ್ರೂ ಡ್ರೈವರ್ ಕಿವಿಗೊತ್ತಿದರೆ ಸಾಲದು, ಸ್ಕ್ಯಾನರ್ ಬೇಕು, ಕೈಪಿಡಿ ಓದಬೇಕು. ನಾನು ನೋಡಿದ ಕೈಪಿಡಿಗಳಲ್ಲಿ ಒಂದೂ ಕನ್ನಡದಲ್ಲಿರಲಿಲ್ಲ. ಆದ್ದರಿಂದ ಇವತ್ತು ಯಾರಾದರೂ ನನ್ನನ್ನು ಕೇಳಿದರೆ ಹೇಳುವುದಿಷ್ಟು: ಮೊದಲು ಐಟಿಐಯ ಆ ಒಂದು ವರ್ಷ ಮುಗಿಸು, ಮೈಕ್ರೋಮೀಟರ್ ಕೈಗೆ ಒಗ್ಗಲಿ, ಆಮೇಲೆ ಬೈಗುಳಕ್ಕೆ ಹೆಸರಾದ, ಆದರೆ ಕೂಡಿಸುವಾಗ ಮುಚ್ಚಿಡದೆ ತೋರಿಸುವ ಮೇಸ್ತ್ರಿಯನ್ನು ಹುಡುಕಿ ಎರಡು ಮಳೆಗಾಲ ಕಳೆ, ಸಂಬಳದಲ್ಲಿ ಮೊದಲು ಕೊಳ್ಳಬೇಕಾದದ್ದು ಒಂದು ಫೀಲರ್ ಗೇಜು, ಒಂದು ನೋಟ್ ಪುಸ್ತಕ.

ಕಳೆದ ವರ್ಷ, ಸೀಸನ್ ಶುರುವಾಗಿ ಕೆಲವು ವಾರವಾಗಿತ್ತು. ಮೇಸ್ತ್ರಿಯೊಬ್ಬರ ಶೆಡ್ಡಿನಲ್ಲಿ ಕೂತಿದ್ದೆ. ಅವರ ಫೋನು ಬಡಿಯಿತು. ಮೊಬೈಲ್ ಸಿಗ್ನಲ್ ಸಿಗುವಷ್ಟು ಹತ್ತಿರ ಬಂದಿದ್ದ ಬೋಟನ್ನು ನಡೆಸುವ ತಂಡೇಲ. ಎಂಜಿನ್ ಏರಿಳಿಯುತ್ತಿದೆ, ಅಳಿವೆ ಇನ್ನು ಅರ್ಧ ಗಂಟೆ. ಅವನು ಫೋನನ್ನು ಎಂಜಿನ್ ಕೋಣೆಯೊಳಗೆ ಹಿಡಿದ. ಮೇಸ್ತ್ರಿ ಸ್ಪೀಕರಿಗೆ ಹಾಕಿ ಹತ್ತು ಸೆಕೆಂಡ್ ಕೇಳಿದರು, ಮತ್ತೆ ಏನನ್ನೂ ಹೇಳದೆ ಫೋನನ್ನು ಎದುರು ಕೂತಿದ್ದ ಹುಡುಗನ ಕಡೆ ಚಾಚಿದರು. ಅವನಿಗೆ ಅದು ಎರಡನೇ ವರ್ಷ. ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನು ಹಿಡಿದ.

'ಅಣ್ಣ, ಟ್ಯಾಂಕಿಯಲ್ಲಿ ಎಣ್ಣೆ ಎಷ್ಟುಂಟು?' ಎಂದು ಕೇಳಿದ.